ನನ್ನನ್ನು ಕಳಿಸಲು ಬಂದ ಊರು

ಗೆಳೆಯರೇ, ಇವತ್ತು ಬೆಳಿಗ್ಗೆ ಮುಗದ ಸ್ಟೇಶನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಪ್ಯಾಸೆಂಜರ್ ರೈಲು ಓಡಿಸುವ ಗುತ್ತಿಗೆಯನ್ನು ಖಾಸಗಿ ಕಂಪನಿಗೆ ಕೊಡುತ್ತಾರಂತೆ. ಟೆಂಡರ್ ಹಾಕುವ ಮುನ್ನ ಕಂಪನಿಯ ಸಾಹೇಬರು ಬಂದು ನೋಡುತ್ತಾರೆ, ಜನವಿಲ್ಲದ ಕಡೆ ಮುಂದೆ ರೈಲು ನಿಲ್ಲುವುದಿಲ್ಲ ಎಂದು ಸುದ್ದಿ. ಅದಕ್ಕೇ ಊರಿಗೆ ಊರೇ ಇಳಕಲ್ ಸೀರೆ ಉಟ್ಟು, ರುಮಾಲು ಸುತ್ತಿ ಬಂದು ನಿಂತಿತ್ತು.

ರೈಲು ಬಂತು. ಬಾಗಿಲಲ್ಲಿದ್ದ ಸಾಹೇಬರ ಮುಖ ಅರಳಿತು. ದಿನದಂತೆ ಧಾರವಾಡದ ಕಾಲೇಜಿಗೆ ಪಾಠ ಮಾಡಲು ಹೊರಟ ನಾನು ಹತ್ತಿದೆ. ನನ್ನ ಹಿಂದೆ ಯಾರೂ ಹತ್ತಲಿಲ್ಲ.

"ಯಾಕ್ರೀ, ನೀವ್ಯಾರೂ ಬರಂಗಿಲ್ಲೇನು?" ಸಾಹೇಬರು ಕೇಳಿದರು.

ಹತ್ತಬೇಕಾಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಪಕ್ಕದ ಮನೆಯ ಬಸಪ್ಪ ಕಾಕಾ ಧೈರ್ಯ ಮಾಡಿ ನನ್ನತ್ತ ಕೈ ತೋರಿಸಿದರು. "ನಾವು ಅಕ್ಕಾರನ್ನ ಕಳಸಾಕ ಬಂದೇವ್ರಿ."

"ಇಷ್ಟೂ ಮಂದಿ?"

"ಹೌದ್ರಿ, ನಮ್ಮೂರ ಪದ್ಧತಿ. ಸಂಜೀಕ ಕರಕೊಳ್ಳಾಕೂ ಬರ್ತೇವಿ."

"ಹಂಗಾರ ಸಂಜೀಕ ಇದ ಗಾಡ್ಯಾಗ ಬಂದು ನೋಡ್ತೇನಿ," ಎಂದರು ಸಾಹೇಬರು.

ಕಾಲೇಜು ಇವತ್ತು ಮಧ್ಯಾಹ್ನವೇ ಬಿಟ್ಟಿತು. ಮುಗದದ ಬಸ್ಸು ಎದುರಿಗೇ ನಿಂತಿದೆ, ಕಿಟಕಿ ಪಕ್ಕದ ಸೀಟೂ ಖಾಲಿ. ಹತ್ತುವ ಹಾಗಿಲ್ಲ. ಸಂಜೆಯ ರೈಲಿಗೆ ನನ್ನನ್ನು ಎದುರುಗೊಳ್ಳಲು ಊರೆಲ್ಲ ಸೀರೆ ಸಹ ಬದಲಿಸದೆ ಕಾಯುತ್ತಿದೆ.