ಒಂಟಿ ನೌಕೆ ಹೊಲಿದ ಟೈಲರ್ ಮಾಮ

ಅವರ ಬಲಗಿವಿಯ ಮೇಲ್ತುದಿ ಸದಾ ನೀಲಿಯಾಗಿರುತ್ತಿತ್ತು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನ ತುಂಡನ್ನು ಅಲ್ಲಿ ಸಿಕ್ಕಿಸಿಕೊಂಡು ಮರೆತುಬಿಡುತ್ತಿದ್ದರು. ಆಮೇಲೆ ಮೇಜು, ಡ್ರಾಯರು, ಗಿರಾಕಿಗಳ ಚೀಲ ಎಲ್ಲ ಹುಡುಕುತ್ತಿದ್ದರು. ತುಟಿಗಳ ನಡುವೆ ಮೂರು ಗುಂಡುಸೂಜಿ ಕಚ್ಚಿಕೊಂಡೇ ಮಾತನಾಡುತ್ತಿದ್ದರು. ಒಂದು ಸೂಜಿಯೂ ಕೆಳಗೆ ಬಿದ್ದದ್ದನ್ನು ನಾನು ಕಂಡಿಲ್ಲ.

ಶೃಂಗೇರಿಯ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಸಣ್ಣ ಲೇಡೀಸ್ ಟೈಲರ್ ಅಂಗಡಿ. ಊರು ನರಸಿಂಹರಾಜಪುರ. ವಾರವಿಡೀ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದು, ಶುಕ್ರವಾರ ಮನೆಗೆ ಹೋಗಿ ಬರುತ್ತಿದ್ದರು. ಆಗ ನಾವು ಏಳನೇ ಕ್ಲಾಸಿನ ಹುಡುಗಿಯರು. ಶಾಲೆ ಬಿಟ್ಟ ಮೇಲೆ ಬೇಗಾರ್ ಕಡೆಯ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಿತ್ತು. ಅವರ ಅಂಗಡಿಯಲ್ಲಿ ಒಂದು ಪುಟ್ಟ ಟಿವಿ ಇತ್ತು. ನಾವು ಐದಾರು ಜನ ಅಲ್ಲಿ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತು ಕಾರ್ಟೂನ್ ನೋಡುತ್ತಿದ್ದೆವು. ಅವರನ್ನು ನಾವೆಲ್ಲ ಟೈಲರ್ ಮಾಮ ಎಂದೇ ಕರೆಯುತ್ತಿದ್ದೆವು.

ಆ ಕಾರ್ಟೂನಿನಲ್ಲಿ ಎರಡು ಕರಡಿಮರಿಗಳು, ಅಣ್ಣ ತಂಗಿ. ಅವಕ್ಕೆ ತಮ್ಮ ಮನೆಯ ಟಿವಿಯಲ್ಲಿ ಬರುವ ಒಂದು ಧಾರಾವಾಹಿಯ ಹುಚ್ಚು. ಅದರ ಹೆಸರು ‘ಒಂಟಿ ನೌಕೆ’. ಬಾಹ್ಯಾಕಾಶದಲ್ಲಿ ದಾರಿ ತಪ್ಪಿದ ಒಂದು ಹಡಗು, ಅದಕ್ಕೊಬ್ಬಳು ಕ್ಯಾಪ್ಟನ್, ಅಡುಗೆ ಮಾಡುವ ಒಂದು ರೋಬೋಟ್. ನಮಗೆ ಕಾಣುತ್ತಿದ್ದದ್ದು ಅರ್ಧ ನಿಮಿಷ ಮಾತ್ರ. ಕ್ಯಾಪ್ಟನ್ ಯಾವುದೋ ಗ್ರಹದಲ್ಲಿ ಒಂದು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಕರಡಿಯಮ್ಮ ಬಂದು ಟಿವಿ ಆರಿಸುತ್ತಿದ್ದಳು.

ಒಂದು ದಿನ ನನ್ನ ಗೆಳತಿ ಅಶ್ವಿನಿ ಸಿಟ್ಟಿನಿಂದ, “ಥೋ, ಆ ಬಾಗಿಲಾಚೆ ಎಂತ ಇತ್ತೋ ಏನೋ!” ಎಂದಳು.

ಟೈಲರ್ ಮಾಮ ತಲೆ ಎತ್ತದೆ, ಸೂಜಿಗಳ ನಡುವಿನಿಂದಲೇ ಹೇಳಿದರು: “ನಂಗೆ ಗೊತ್ತು. ನಾನು ಅದನ್ನ ಪೂರ್ತಿ ನೋಡಿದೀನಿ.”

ಅಲ್ಲಿಂದ ಶುರುವಾಯಿತು. ದಿನವೂ ಕಾರ್ಟೂನ್ ಮುಗಿದ ಮೇಲೆ ಅವರು ‘ಒಂಟಿ ನೌಕೆ’ಯ ಒಂದು ಕಂತು ಹೇಳುತ್ತಿದ್ದರು. ಬಾಗಿಲಾಚೆ ಒಂದು ಗ್ರಹದ ಸಂತೆಯೇ ಇತ್ತಂತೆ. ಅಲ್ಲಿಯ ಜನ ನೆರಳುಗಳನ್ನು ಮಡಚಿಟ್ಟು ಮಾರುತ್ತಿದ್ದರಂತೆ. ಗುಂಡಿ ಕದಿಯುವ ಒಬ್ಬ ಖಳನಿದ್ದ. ಅವನು ಬಂದು ಹೋದ ಕಡೆಯಲ್ಲೆಲ್ಲ ಸೈನ್ಯದ ಪ್ಯಾಂಟುಗಳು ಉದುರಿ ಯುದ್ಧವೇ ನಿಂತುಹೋಗುತ್ತಿತ್ತು. ಎಂಥ ಕಷ್ಟ ಬಂದರೂ ಕ್ಯಾಪ್ಟನ್ ಸೂಜಿ ದಾರದಿಂದಲೇ ಪಾರಾಗುತ್ತಿದ್ದಳು. ಅದು ನಮಗೆ ವಿಚಿತ್ರ ಅನಿಸಲೇ ಇಲ್ಲ. “ಆಕಾಶ ಅಂದ್ರೆ ಎಂತ ಅಂದ್ಕೊಂಡಿದೀರಿ? ಹೊಲಿಗೆ ಇಲ್ದೇ ಇರೋ ಬಟ್ಟೆ. ಎಲ್ಲಿ ಹಿಡಿದು ಎಳೀಬೇಕು ಅಂತ್ಲೇ ಗೊತ್ತಾಗಲ್ಲ” ಎನ್ನುತ್ತಿದ್ದರು. ನಮ್ಮನ್ನು ಕರೆಯಲು ಬಂದ ಬಸ್ಸಿನ ಕಂಡಕ್ಟರ್ ಕೂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಡ್ರೈವರ್ ಹಾರನ್ ಹೊಡೆದರೆ, “ತಡಿ ಮಾರಾಯ, ರೋಬೋಟ್ ಬಾವಿಗೆ ಬಿದ್ದಿದೆ” ಎಂದು ಕೂಗುತ್ತಿದ್ದ.

ನಾನು ಮಾತ್ರ ಏನನ್ನೂ ಕೇಳುತ್ತಿರಲಿಲ್ಲ. ನನಗೆ ಉಗ್ಗು. ಮೊದಲ ಅಕ್ಷರದಲ್ಲೇ ಸಿಕ್ಕಿಬೀಳುತ್ತಿದ್ದೆ. ಶಾಲೆಯಲ್ಲಿ, ಮನೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ನನ್ನ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಒಮ್ಮೆ ತಡೆಯಲಾರದೆ, “ಕ್ಯಾ... ಕ್ಯಾ...” ಎಂದೆ. ಅಶ್ವಿನಿ ಬಾಯಿ ತೆರೆದಳು. ಟೈಲರ್ ಮಾಮ ಅವಳತ್ತ ಕೈ ಅಡ್ಡ ಹಿಡಿದರು. ಅರ್ಧ ಕತ್ತರಿಸಿದ ಬಟ್ಟೆಯಲ್ಲಿ ಕತ್ತರಿಯನ್ನು ಹಾಗೇ ತೆರೆದು ನಿಲ್ಲಿಸಿ ಕಾದರು. ಬಹಳ ಹೊತ್ತಾದ ಮೇಲೆ, “ಕ್ಯಾಪ್ಟನ್‌ಗೆ ಅಮ್ಮ ಇಲ್ವಾ?” ಎಂಬುದು ಹೊರಬಂತು. “ಒಳ್ಳೆ ಪ್ರಶ್ನೆ. ಇಷ್ಟು ದಿನ ಯಾರೂ ಕೇಳ್ಲೇ ಇಲ್ಲ ನೋಡು” ಎಂದವರು ಮರುದಿನ ಕ್ಯಾಪ್ಟನ್‌ಳ ಅಮ್ಮನ ಕಂತನ್ನೇ ಹೇಳಿದರು.

ಆ ವರ್ಷ ದೀಪಾವಳಿಯ ರಜೆಯಲ್ಲಿ ಅಶ್ವಿನಿ ಕೊಪ್ಪದ ತನ್ನ ಚಿಕ್ಕಪ್ಪನ ಮನೆಯ ಕಂಪ್ಯೂಟರಿನಲ್ಲಿ ಹುಡುಕಿಸಿದಳು. ‘ಒಂಟಿ ನೌಕೆ’ ಎಂಬ ಧಾರಾವಾಹಿಯೇ ಇರಲಿಲ್ಲ. ಆ ಕಾರ್ಟೂನಿಗಾಗಿ ಕಟ್ಟಿದ ಸುಳ್ಳು ಧಾರಾವಾಹಿ ಅದು. ಅರ್ಧ ನಿಮಿಷದ ಆಚೆ ಅದನ್ನು ಯಾರೂ ಮಾಡಿರಲೇ ಇಲ್ಲ. ರಜೆ ಮುಗಿದ ದಿನವೇ ನಾವೆಲ್ಲ ಅಂಗಡಿಯ ಮುಂದೆ ನಿಂತೆವು.

“ಮಾಮ, ನೀವು ನೋಡಿದ್ದು ಸುಳ್ಳು” ಎಂದಳು ಅಶ್ವಿನಿ.

ಅವರು ಹೊಲಿಗೆ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದರು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. “ಸುಳ್ಳೇ ಮಾರಾಯ್ತಿ. ಆ ಕರಡಿ ಮಕ್ಕಳು ಅಷ್ಟು ಆಸೆಯಿಂದ ಓಡಿ ಬರ್ತಾವೆ. ಅದು ಅರ್ಧ ನಿಮಿಷದಲ್ಲೇ ಮುಗೀತು ಅಂದ್ರೆ ನಂಗೇ ಬೇಜಾರಾಯ್ತು.” ಬೆಂಚಿನ ಕಡೆ ನೋಡಿ, “ಉಳಿದಿದ್ದು ಹೇಳ್ಲಾ, ಬೇಡ್ವಾ?” ಎಂದು ಕೇಳಿದರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅಶ್ವಿನಿಯೇ ಮೊದಲು ಬೆಂಚಿನ ಮೇಲೆ ಕೂತಳು.

ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದಾಗ ‘ಒಂಟಿ ನೌಕೆ’ಯನ್ನೇ ನಾಟಕ ಮಾಡುವುದೆಂದಾಯಿತು. ಉಡುಪಿನ ಹೊಣೆ ಟೈಲರ್ ಮಾಮನದು. ಟ್ಯಾಕ್ಸಿಯವರೊಬ್ಬರು ಹರಿದುಹೋದ ಕಾರ್ ಕವರ್ ಕೊಟ್ಟರು. ಬೆಳ್ಳಿ ಬಣ್ಣದ್ದು, ದೊಡ್ಡದು. ಅದರಲ್ಲಿ ನಾಲ್ಕು ಜನಕ್ಕೆ ಗಗನಯಾತ್ರಿಗಳ ಉಡುಪು ಆಯಿತು. ಎಲ್ಲರ ಅಳತೆ ತೆಗೆದ ಮೇಲೆ ನನ್ನನ್ನು ಕರೆದು ಟೇಪು ಹಿಡಿದರು.

“ನಂಗೆ ಪಾ... ಪಾರ್ಟು ಇಲ್ಲ ಮಾಮ.”

“ಉಂಟು. ನೀನೇ ಕ್ಯಾಪ್ಟನ್.”

ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ನನ್ನ ತೋಳಿನ ಅಳತೆ ಬರೆದುಕೊಂಡು ಉಳಿದವರ ಕಡೆ ತಿರುಗಿದರು. “ಕೇಳಿ. ಈ ಕಂತಲ್ಲಿ ನೌಕೆ ಭೂಮಿಯಿಂದ ಬಾಳ ದೂರ ಹೋಗಿದೆ. ಅಲ್ಲಿಂದ ಮಾತು ಬಂದು ಮುಟ್ಟೋಕೆ ಹೊತ್ತು ಹಿಡೀತದೆ, ನಡುವೆ ನಿಲ್ತದೆ, ಮತ್ತೆ ಬರ್ತದೆ. ಭೂಮಿಯವ್ರು ರೇಡಿಯೋಕ್ಕೆ ಕಿವಿ ಕೊಟ್ಟು ಕಾಯ್ಬೇಕು, ಅಷ್ಟೇ. ಮಧ್ಯ ಬಾಯಿ ಹಾಕಿದವರ ಸೂಟಿಗೆ ನಾನು ಗುಂಡಿ ಹೊಲಿಯಲ್ಲ.”

ನಾಟಕದ ದಿನ ನಾನು ವೇದಿಕೆಗೆ ಬರುತ್ತಿದ್ದಂತೆಯೇ ಸಭೆಯಲ್ಲಿ ನಗು ಎದ್ದಿತು. ಕಾರಿನ ಕನ್ನಡಿಗೆಂದು ಕವರಿನಲ್ಲಿ ಬಿಟ್ಟಿದ್ದ ಎರಡು ಕಿವಿಗಳು ನನ್ನ ಭುಜದ ಮೇಲೆ ನಿಂತಿದ್ದವು. “ಹೋಯ್, ಅದು ನನ್ನ ಕಾರಿಂದು!” ಎಂದು ಟ್ಯಾಕ್ಸಿಯವರು ಕೂಗಿದರು. ಸಭೆ ಇನ್ನಷ್ಟು ನಕ್ಕಿತು. ನನಗೂ ನಗು ಬಂತು. ಆ ನಗುವಿನಲ್ಲೇ ಬೆನ್ನಿನ ಹೊಲಿಗೆ ಬಿಟ್ಟಿತು. ಪರದೆಯ ಹಿಂದಿನಿಂದ ಟೈಲರ್ ಮಾಮನ ಕೈ ಹೊರಬಂದು ನನ್ನನ್ನು ಪರದೆಗೆ ಆತು ನಿಲ್ಲುವಂತೆ ಎಳೆದುಕೊಂಡು ಹೊಲಿಯತೊಡಗಿತು. ಹಾಗೆ ನಿಂತೇ ನಾನು ಬಾಯಿ ತೆರೆದೆ.

“ಭೂ... ಭೂ...”

ಸಭೆ ಗಲಿಬಿಲಿಗೊಂಡಿತು. ವೇದಿಕೆಯ ಆಚೆ ತುದಿಯಲ್ಲಿ, ಭೂಮಿಯಲ್ಲಿ, ಅಶ್ವಿನಿ ರಟ್ಟಿನ ರೇಡಿಯೋಕ್ಕೆ ಕಿವಿಯಿಟ್ಟು ಕೈ ಎತ್ತಿದಳು. “ಸಿಗ್ನಲ್ ಬರ್ತಾ ಉಂಟು! ಎಲ್ರೂ ಸುಮ್ನಿರಿ!”

ಇಡೀ ಸಭೆ ಸುಮ್ಮನಾಯಿತು. ಮುಂದಿನ ಸಾಲಿನ ಮುಖ್ಯ ಅತಿಥಿಗಳೂ ಕಿವಿಗೆ ಕೈ ಹಚ್ಚಿ ಮುಂದಕ್ಕೆ ಬಾಗಿದರು. ನನ್ನ ಜೀವನದಲ್ಲಿ ಅಷ್ಟು ಜನ ನನ್ನ ಒಂದು ಮಾತಿಗೆ ಕಾದದ್ದು ಅದೇ ಮೊದಲು.

“ಭೂಮಿಯವರೇ, ನಾವು ಬದುಕಿದ್ದೇವೆ. ಮನೆಗೆ ಬರ್ತಾ ಇದ್ದೇವೆ” ಎಂದೆ.

ಚಪ್ಪಾಳೆ ಎಷ್ಟು ಹೊತ್ತು ಬಿತ್ತೋ ನನಗೆ ತಿಳಿಯದು. ಹಿಂದಿನಿಂದ ದಾರ ಕಡಿದ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿತು. “ಇನ್ನು ಹೊಲಿಗೆ ಬಿಡಲ್ಲ, ಹೋಗು” ಎಂದರು ಮಾಮ.

ಈಗ ನಾನು ಕೊಪ್ಪದಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ದಿನವಿಡೀ ಜನರೊಡನೆ ಮಾತು. ಉಗ್ಗು ಹೋಗಿಲ್ಲ, ಅದಕ್ಕೆ ಹೆದರುವುದು ಹೋಯಿತು. ನನ್ನ ಮಾತಿಗೆ ಕಾಯಿರಿ ಎಂದು ಜನರನ್ನು ಕೇಳುವ ಧೈರ್ಯ ಅವರು ಕೊಟ್ಟದ್ದು.

ಕಳೆದ ವರ್ಷ ಅವರು ತೀರಿಕೊಂಡರೆಂದು ತಿಳಿದು ನರಸಿಂಹರಾಜಪುರದ ಅವರ ಮನೆಗೆ ಹೋದೆ. ಒಳಗೆ ಹೆಂಗಸರೆಲ್ಲ ಚಾಪೆಯ ಮೇಲೆ ಕೂತಿದ್ದರು. “ನೀವು ಯಾರಮ್ಮ?” ಎಂದು ಅವರ ಹೆಂಡತಿ ಕೇಳಿದರು. ಕಥೆ ಕೇಳುತ್ತಿದ್ದ ಶಾಲೆಯ ಹುಡುಗಿ ಎಂದೆ.

“ಕಥೆನಾ? ಮನೇಲಿ ಎರಡು ಮಾತಾಡಿಸ್ಬೇಕಾದ್ರೆ ನಾಲ್ಕು ಸಲ ಕರೀಬೇಕಿತ್ತು ಅವ್ರನ್ನ!”

ನಾನು ಹೇಳತೊಡಗಿದೆ. ನೆರಳಿನ ಸಂತೆ, ಗುಂಡಿ ಕಳ್ಳ, ಉದುರಿದ ಪ್ಯಾಂಟುಗಳು. ಎಷ್ಟೋ ಕಡೆ ಮಾತು ನಿಂತಿತು. ಯಾರೂ ಅವಸರ ಮಾಡಲಿಲ್ಲ. ಕಾರಿನ ಕವರಿನ ಸಂಗತಿ ಬರುವಷ್ಟರಲ್ಲಿ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು. ಮುಗಿದ ಮೇಲೆ ಕಣ್ಣೊರೆಸಿಕೊಂಡು, ಅಡುಗೆಮನೆಯಲ್ಲಿದ್ದ ಸೊಸೆಯನ್ನು ಕೂಗಿ ಪಕ್ಕದಲ್ಲಿ ಕೂರಿಸಿಕೊಂಡರು.

“ಇವ್ಳಿಗೆ ಕೇಳ್ಲಿಲ್ಲ. ಮೊದ್ಲಿಂದ ಹೇಳಿ” ಎಂದರು.