ತಂದೆಯ ಕಡೆಯಿಂದ ಬಂದದ್ದು

ಕೋವಿಡ್ ತಗ್ಗಿದ ಮರುವರ್ಷ. ಆಳಂದದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನ ಸ್ತ್ರೀರೋಗ ಕ್ಲಿನಿಕ್ ಇತ್ತು. ಹೆರಿಗೆ, ಮುಟ್ಟಿನ ತೊಂದರೆ, ಗರ್ಭಕೋಶದ ಗಡ್ಡೆ, ಇವೇ ನಿತ್ಯದ ಕೆಲಸ. ಯಾವ ಕಾಯಿಲೆಯೂ ಇಲ್ಲದವರೊಬ್ಬರು ಆಪರೇಷನ್ ವಿಚಾರಿಸಿಕೊಂಡು ಬಂದದ್ದು ಅದೇ ಮೊದಲು.

ಅವರು ಮಹಾದೇವಿ, ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು ಮೂವತ್ತೆಂಟು, ಇಬ್ಬರು ಮಕ್ಕಳು. ಅಕ್ಕ ಕಸ್ತೂರಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಗಂಟು ಕೈಗೆ ಸಿಕ್ಕ ಮೇಲೂ ಮೈ ತೋರಿಸಲು ನಾಚಿ ಅದನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದರಂತೆ. ಕಲಬುರಗಿಯಲ್ಲಿ ಅವರಿಗೆ ಮಾಡಿಸಿದ್ದ ರಕ್ತಪರೀಕ್ಷೆಯಲ್ಲಿ ಬಿಆರ್‌ಸಿಎ-1 ಎಂಬ ಜೀನ್‌ನಲ್ಲಿ ದೋಷ ಕಂಡಿತ್ತು. ಆಮೇಲೆ ಪರೀಕ್ಷಿಸಿದಾಗ ತಂಗಿ ಮಹಾದೇವಿಯಲ್ಲೂ ಅದೇ ಇತ್ತು. ದೋಷವಿರುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಆದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು.

"ಆರಾಮ ಇರೋ ಮೈ ಕೊಯ್ಸಿಕೊಳ್ತೀನಿ ಅಂತ ಹೇಳಾಕ ನಾಚಿಕಿ ಆಗ್ತದ್ರಿ ಮೇಡಂ," ಎಂದರು ನೆಲ ನೋಡುತ್ತ.

ನಾನು ವಿವರಿಸಿದೆ. ಅಂಡಾಶಯದ ಕ್ಯಾನ್ಸರನ್ನು ಮೊದಲೇ ಹಿಡಿಯುವ ನಂಬಲರ್ಹ ಪರೀಕ್ಷೆ ಇಲ್ಲ. ಅಂಡಾಶಯ ತೆಗೆಸಿದರೆ ಮುಟ್ಟು ಕೂಡಲೇ ನಿಲ್ಲುತ್ತದೆ, ಮೈ ಕುದಿಯುತ್ತದೆ, ಮೂಳೆ ಸವೆಯುತ್ತದೆ. ಸ್ತನಗಳನ್ನು ತೆಗೆಸಬಹುದು, ಇಲ್ಲವೇ ಪ್ರತಿವರ್ಷ ಎಂಆರ್‌ಐ ಮಾಡಿಸುತ್ತ ಕಾಯಬಹುದು. ಗಂಡ ನಿರ್ಧಾರವನ್ನು ಅವರಿಗೇ ಬಿಟ್ಟಿದ್ದರು. ದೋಷ ಯಾವ ಕಡೆಯದೆಂದು ತಿಳಿದರೆ ಆ ಕಡೆಯ ಬಂಧುಗಳೂ ಎಚ್ಚರವಾಗಬಹುದು, ತಂದೆತಾಯಿಯನ್ನು ಕರೆತನ್ನಿ ಎಂದೆ.

ಗೊಬ್ಬೂರಿನಿಂದ ತಂದೆ ಶರಣಪ್ಪ, ತಾಯಿ ಗುರುಬಾಯಿ ಬಂದರು. ಶರಣಪ್ಪ ಕೂಡುವ ಮೊದಲೇ ಹೆಂಡತಿಯತ್ತ ಕೈ ತೋರಿಸಿ, ಇದು ಈಕೆಯ ತವರಿನ ರೋಗ, ನನ್ನ ರಕ್ತ ಯಾಕೆ ಎಂದರು. ಕಸ್ತೂರಿ ಸತ್ತಾಗಿನಿಂದ ಬಂಧುಗಳ ಮುಂದೆಲ್ಲ ಇದೇ ಮಾತು ಆಡಿದ್ದರಂತೆ. ಮಗಳ ಒತ್ತಾಯಕ್ಕೆ ಇಬ್ಬರೂ ರಕ್ತ ಕೊಟ್ಟರು.

ಗುರುಬಾಯಿಯಲ್ಲಿ ದೋಷ ಇರಲಿಲ್ಲ. ಶರಣಪ್ಪನವರಲ್ಲಿ ಇತ್ತು. ಗಂಡಸು ಆರೋಗ್ಯವಾಗಿದ್ದೂ ಇದನ್ನು ಮಕ್ಕಳಿಗೆ ದಾಟಿಸಬಲ್ಲ, ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ ಎಂದು ತಿಳಿಸಿದೆ.

"ಹಂಗಾದ್ರ ಕಸ್ತೂರಿಗೆ ನನ್ನಿಂದನ ಬಂತೇನ್ರಿ?"

ಹೌದು, ಆದರೆ ಅದು ಯಾರ ತಪ್ಪೂ ಅಲ್ಲ ಎಂದೆ. ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ತಡವರಿಸುತ್ತ ಹೇಳಿದರು: ಜೇವರ್ಗಿಗೆ ಕೊಟ್ಟಿದ್ದ ತಂಗಿ ಎದೆಯ ಹುಣ್ಣಿನಿಂದಲೇ ಸತ್ತಿದ್ದಳು. ಅವಳ ಇಬ್ಬರು ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಕಾಮಾಲೆ ಎಂದು ಎಲ್ಲರಿಗೂ ಹೇಳಿದ್ದು ತಾವೇ. ಇಷ್ಟನ್ನು ಹೇಳುವಾಗ ಅವರು ಒಮ್ಮೆಯೂ ಹೆಂಡತಿಯ ಮುಖ ನೋಡಲಿಲ್ಲ.

"ನನಗ ಅಂದಿದ್ದು ಇರ್ಲಿ," ಎಂದರು ಗುರುಬಾಯಿ. "ಆ ಹುಡುಗೇರಿಗೆ ಹೋಗಿ ಹೇಳ್ರಿ. ಅವಾದ್ರೂ ಉಳೀಲಿ."

ಹೆಂಗಸರೆದುರು ಇಂಥ ಮಾತು ಎಂದೂ ಆಡದ ಶರಣಪ್ಪ ಮಗಳೊಂದಿಗೆ ಜೇವರ್ಗಿಗೆ ಹೋದರು. ತಂಗಿಯ ದೊಡ್ಡ ಮಗಳು, ಸತ್ತ ಅವ್ವನ ಹೆಸರು ಕೆಡಿಸಬೇಡ ಎಂದು ಮಾವನನ್ನು ಹೊಸ್ತಿಲಿನಿಂದಲೇ ಕಳಿಸಿದಳು. ಚಿಕ್ಕವಳು ಕೇಳಿಸಿಕೊಂಡು ಪರೀಕ್ಷೆಗೆ ಬಂದಳು. ಅವಳಲ್ಲಿ ಆಗಲೇ ಸಣ್ಣ ಗಂಟಿತ್ತು. ಬೇಗ ಸಿಕ್ಕಿತು, ಚಿಕಿತ್ಸೆಯಾಗಿ ಇಂದು ಆರಾಮವಾಗಿದ್ದಾಳೆ. ದೊಡ್ಡವಳು ಇವತ್ತಿಗೂ ಪರೀಕ್ಷೆ ಮಾಡಿಸಿಕೊಂಡಿಲ್ಲ.

ಮಹಾದೇವಿ ದಸರೆ ರಜೆಯಲ್ಲಿ ಅಂಡಾಶಯ ತೆಗೆಸಿಕೊಂಡರು. ಸ್ತನಗಳ ವಿಷಯದಲ್ಲಿ ಬಹಳ ಅಳೆದು ಸುರಿದು, ಮುಂದಿನ ಬೇಸಿಗೆ ರಜೆಯಲ್ಲಿ ಕಲಬುರಗಿಯಲ್ಲಿ ಆ ಆಪರೇಷನ್ನೂ ಮಾಡಿಸಿಕೊಂಡರು. ನೋಡಲು ಹೋಗಿದ್ದೆ. ಪಕ್ಕದ ಮಂಚದ ಹೆಂಗಸು ಏನಾಗಿದೆ ಎಂದು ಕೇಳಿದಾಗ ಮಹಾದೇವಿ ಹೊದಿಕೆ ಮೇಲೆಳೆದುಕೊಂಡರು. ಶರಣಪ್ಪನವರ ಮುಖ ಕೆಂಪಾಯಿತು. ಆದರೂ ಅವರೇ ಉತ್ತರಿಸಿದರು: "ಕ್ಯಾನ್ಸರ್ ಬರಬಾರ್ದಂತ ಎದಿ ತೆಗಿಸ್ಯಾಳ್ರಿ. ನಮ್ಮ ಮನಿತನದಾಗ ಅದ, ನನ್ನಿಂದ ಬಂದದ."

ಮನೆತನದ ಕಾಯಿಲೆಯ ನಾಚಿಕೆಯನ್ನು ಹೆಂಗಸರೇ ಹೊರುವುದನ್ನು ವೃತ್ತಿಯುದ್ದಕ್ಕೂ ಕಂಡಿದ್ದೇನೆ. ಅದರಲ್ಲಿ ತನ್ನ ಪಾಲನ್ನು ಗಂಡಸೊಬ್ಬ ಬಾಯಿಬಿಟ್ಟು ಹೇಳಿದರೆ ಒಂದು ಜೀವ ಉಳಿಯಬಹುದು ಎಂಬುದನ್ನು ನನಗೆ ಕಲಿಸಿದ್ದು ಈ ಪ್ರಕರಣ.