ಒಂದು ಬಾಗಿಲು ಬಿಟ್ಟು

ನಮ್ಮ ಬೀದಿಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೆ ಮೂರನೆಯದಕ್ಕೆ ಅವಳು ಬಾಗಿಲಲ್ಲಿ ನಿಂತಿರುತ್ತಾಳೆ ಎಂದು ಜನ ತಮಾಷೆ ಮಾಡುತ್ತಾರೆ. ಕೆಮ್ಮಕ್ಕ ಎಂಬ ಹೆಸರು ಬಂದದ್ದು ಹಾಗೆ. ಎದುರಿಗೇ ಕರೆದರೂ ಅವಳಿಗೆ ಬೇಸರವಿಲ್ಲ. ನನ್ನನ್ನು ಹಾಗೆ ಕರೆದಿದ್ದರೆ ಕತ್ತರಿ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದೆ. ನಾನು ಬಟ್ಟೆ ಹೊಲಿಯುವವಳು, ಕತ್ತರಿ ಹುಡುಕಬೇಕಾಗಿಲ್ಲ.

ಮೊದಲು ಅವಳು ಸಾಬೂನು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಅವಳ ಅಪ್ಪ ಕ್ಷಯದಿಂದ ತೀರಿಕೊಂಡರು. ವಾಸಿಯಾಗುವ ಕಾಯಿಲೆಯೇ. ಆದರೆ ನಾಲ್ಕು ಜನಕ್ಕೆ ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು ಆ ಮನುಷ್ಯ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟಿದ್ದರು. ಮರ್ಯಾದೆ ಉಳಿಯಿತು, ಅಪ್ಪ ಉಳಿಯಲಿಲ್ಲ. ಅದಾದ ಮೇಲೆ ಆರೋಗ್ಯ ಕೇಂದ್ರದವರು ಮನೆಮನೆ ತಿರುಗಲು ಪೂರ್ತಿ ಸಮಯದ ಸೇವಕರು ಬೇಕೆಂದಾಗ ಕಾರ್ಖಾನೆ ಬಿಟ್ಟು ಸೇರಿಕೊಂಡಳು. ಬೆಳಗ್ಗೆಯಿಂದ ಸಂಜೆಯವರೆಗೆ ಬಿಸಿಲಲ್ಲಿ ಅಲೆದಾಟ, ಸಂಬಳ ಅಷ್ಟಕ್ಕಷ್ಟೆ.

"ನಿನಗೇನು ತಲೆ ಕೆಟ್ಟಿದ್ಯಾ?" ಎಂದು ನಾನೇ ಬೈದಿದ್ದೆ.

"ಕೆಡೋಕೆ ಇನ್ನೇನು ಉಳಿದಿದೆ ಬಿಡು," ಎಂದು ನಕ್ಕಳು.

ಕೆಮ್ಮು ನಿಲ್ಲದವರನ್ನು ಗಿಣಿಗೆ ಹೇಳಿದಂತೆ ಹೇಳಿ ಕಫ ಪರೀಕ್ಷೆಗೆ ಕರೆದೊಯ್ಯುವುದು, ಕ್ಷಯ ಎಂದು ಗೊತ್ತಾದವರು ದಿನದ ಮಾತ್ರೆ ನುಂಗುವುದನ್ನು ಕಣ್ಣಾರೆ ನೋಡುವುದು ಅವಳ ಕೆಲಸ. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡು ಆಮೇಲೆ ಉಗುಳುವ ಪುಣ್ಯಾತ್ಮರೂ ಇದ್ದಾರೆ. ಆದರೆ ದಿನಾ ಒಂದೇ ಮನೆಗೆ ಹೋದರೆ ಆ ಮನೆಯ ಗುಟ್ಟು ರಟ್ಟಾಗುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಅದಕ್ಕೆ ಅವಳು ತನ್ನದೇ ಒಂದು ದಾರಿ ಕಂಡುಕೊಂಡಿದ್ದಳು. ಬೀದಿಯ ಒಂದು ಬಾಗಿಲನ್ನೂ ಬಿಡುತ್ತಿರಲಿಲ್ಲ. ನನ್ನಲ್ಲಿ ಗುಂಡಿ ಹಾಕಿಸುವ ನೆಪ, ಪಕ್ಕದ ಮನೆಯಲ್ಲಿ ಒಂದು ಲೋಟ ನೀರು, ಅದರಾಚೆ ಮಗುವಿಗೆ ಹಲ್ಲು ಬಂತೇ ಎಂಬ ವಿಚಾರಣೆ. ಅಷ್ಟರಲ್ಲಿ ಯಾವುದೋ ಅಡುಗೆಮನೆಯಲ್ಲಿ ಯಾರೋ ಮಾತ್ರೆ ನುಂಗಿರುತ್ತಿದ್ದರು. ಬೀದಿಯ ಸುದ್ದಿಯೆಲ್ಲ ಮೊದಲು ನನ್ನ ಹೊಲಿಗೆ ಯಂತ್ರದ ಹತ್ತಿರ ಬರುತ್ತದೆ. ನನಗೇ ಯಾರೆಂದು ಗೊತ್ತಾಗುತ್ತಿರಲಿಲ್ಲ.

ನನ್ನ ಅಂಗಡಿಯ ಎದುರಿಗೆ ಅವಳ ತಮ್ಮನ ಕಟಿಂಗ್ ಶಾಪ್. ಅವನೂ ಕೆಮ್ಮಲು ಶುರುಮಾಡಿದ. ಪೌಡರ್ ಧೂಳು ಎಂದು ಸ್ವಲ್ಪ ದಿನ ಸಾಗಹಾಕಿದ. ಅಕ್ಕ ಬಿಡುವವಳೇ? ರಟ್ಟೆ ಹಿಡಿದು ಕರೆದುಕೊಂಡು ಹೋದಳು. ಕ್ಷಯವೇ ಆಗಿತ್ತು. ಹೆಂಡತಿಯ ಊರಿಗೆ ಹೋಗಿದ್ದಾನೆಂದು ಹೇಳಿಸಿ, ಅಂಗಡಿ ಮುಚ್ಚಿ ಮನೆಯಲ್ಲೇ ಔಷಧಿ ತೆಗೆದುಕೊಂಡ. ಇನ್ನು ಯಾರಿಗೂ ಹರಡುವುದಿಲ್ಲ, ಕೆಲಸ ಮಾಡಬಹುದು, ಆದರೆ ಮಾತ್ರೆ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ ಮೇಲೆ ಬಾಗಿಲು ತೆರೆದ. ಇದೆಲ್ಲ ನನಗೆ ಅವಳೇ ಆಮೇಲೆ ಹೇಳಿದ್ದು. ಆಗ ಅವನು ಅವಳಿಂದ ಮಾತು ತೆಗೆದುಕೊಂಡಿದ್ದನಂತೆ.

"ಅಕ್ಕ, ನೀನು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ. ನಿನ್ನ ಮಾತ್ರೆ ಚೀಲ ನೋಡಿದ್ರೆ ಗಿರಾಕಿ ಓಡಿಹೋಗ್ತಾರೆ. ಮಾತ್ರೆಗೆ ನಾನೇ ನಿಮ್ಮನೆಗೆ ಬರ್ತೀನಿ."

ಅವಳು ಒಪ್ಪಿಕೊಂಡಳು. ಎಡವಟ್ಟಾದದ್ದು ಅಲ್ಲೇ. ನನ್ನಲ್ಲಿಗೆ ಬರುತ್ತಿದ್ದಳು, ಪಕ್ಕಕ್ಕೆ ಹೋಗುತ್ತಿದ್ದಳು, ಎದುರು ಸಾಲಿನ ಎಲ್ಲ ಬಾಗಿಲಿಗೂ ಹೋಗುತ್ತಿದ್ದಳು. ತಮ್ಮನ ಅಂಗಡಿ ಬಂದಾಗ ಮಾತ್ರ ತಲೆ ತಗ್ಗಿಸಿ ಸರಸರ ದಾಟುತ್ತಿದ್ದಳು. ಮೊದಲಾದರೆ ಅಲ್ಲೇ ಬೆಂಚಿನ ಮೇಲೆ ಕೂತು, ಗಿರಾಕಿಗಳ ಮುಂದೆಯೇ ಅವನ ಕಾಲೆಳೆಯುತ್ತಿದ್ದವಳು.

ಇದನ್ನು ಮೊದಲು ಕಂಡುಹಿಡಿದದ್ದು ಇಸ್ತ್ರಿಯವನು. "ಕೆಮ್ಮಕ್ಕ ಎಲ್ಲಾ ಕಡೆ ಹೋಗ್ತಾಳೆ, ತಮ್ಮನ ಹತ್ರ ಮಾತ್ರ ಯಾಕೆ ಹೋಗಲ್ಲ?" ಎಂದ. ಅಕ್ಕತಮ್ಮ ಜಗಳವಾಡಿರಬೇಕು ಎಂದು ಯಾರೋ ಅಂದರು. ಜಗಳವಾಗಿದ್ದರೆ ಬೆಳಗ್ಗೆ ಎದ್ದು ಅವಳ ಮನೆಗೆ ಯಾಕೆ ಹೋಗುತ್ತಾನೆ ಎಂದು ಇನ್ಯಾರೋ ಅಂದರು. ಅವನು ಸೊರಗಿದ್ದು, ಅಂಗಡಿ ಮುಚ್ಚಿದ್ದು ಎಲ್ಲವನ್ನೂ ಕೂಡಿಸಿದರು. ಊರವರ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವಳು ಒಡಹುಟ್ಟಿದವನ ಗುಟ್ಟನ್ನು ಬಾಯಿ ಬಿಡದೆಯೇ ಬೀದಿಗೆ ತಂದಿದ್ದಳು.

ಅಂಗಡಿಗೆ ನೊಣವೂ ಬರಲಿಲ್ಲ. ನಮ್ಮ ಯಜಮಾನರೂ ಗಡ್ಡ ತೆಗೆಸಲು ಎರಡು ಬೀದಿ ಆಚೆ ಹೋಗತೊಡಗಿದರು. ನಾಚಿಕೆಯಾಗಲ್ವಾ ಎಂದು ಕೇಳಿದ್ದಕ್ಕೆ ಅಲ್ಲಿ ಫ್ಯಾನ್ ಚೆನ್ನಾಗಿದೆ ಎಂದರು. ಸಿಟ್ಟು ನೆತ್ತಿಗೇರಿತು. ಒಂದು ವಾರ ಅವರ ಜೊತೆ ಮಾತು ಬಿಟ್ಟೆ, ಅದರಿಂದ ಅವರಿಗೆ ಸುಖವೇ ಆಯಿತೇನೋ.

ತಮ್ಮ ಮಾತ್ರೆಗೆ ಬರುವುದನ್ನೂ ನಿಲ್ಲಿಸಿದ. "ಬದುಕಿ ಏನ್ ಮಾಡ್ಲಿ? ಖಾಲಿ ಕುರ್ಚಿ ಕಾಯ್ಲಾ?" ಎಂದನಂತೆ. ಅವಳು ನನ್ನ ಅಂಗಡಿಯಲ್ಲಿ ಬಟ್ಟೆ ತುಂಡುಗಳ ಮೇಲೆ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಪ್ಪನ ದಾರೀನೇ ಹಿಡಿದ ಕಣೆ. ಈ ಸಲ ದಾರಿ ತೋರಿಸಿದೋಳು ನಾನು."

ಮೂಗೊರೆಸಿಕೊಂಡು ಎದ್ದಳು. ಬೀದಿ ದಾಟಿ ನೇರ ಅಂಗಡಿಯೊಳಗೆ ಹೋಗಿ, ಚೀಲವನ್ನು ಕನ್ನಡಿಯ ಮುಂದಿಟ್ಟು, ಕುರ್ಚಿಯ ಮೇಲೆ ಕೂತಳು. ನಾನು ಹಿಂದೆಯೇ ಹೋಗಿ ಮೆಟ್ಟಿಲ ಹತ್ತಿರ ನಿಂತೆ. ನೋಡನೋಡುತ್ತ ಅರ್ಧ ಬೀದಿ ಬಂದು ನಿಂತಿತು.

"ಕೂದಲು ಕಟ್ ಮಾಡು," ಎಂದಳು.

"ಏಳು ಅಕ್ಕ. ನೀನು ಕನಿಕರ ತೋರಿಸೋದು ಬೇಡ."

"ಕನಿಕರ ಯಾರಿಗ್ ಬೇಕು? ಹೆದರಬೇಡಿ ಹೆದರಬೇಡಿ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆ. ನಿನ್ನ ಬಾಗಿಲಿಗೆ ಬರೋಕೆ ನಾನೇ ಹೆದರಿದೆ. ನೀನು ಬೇಡ ಅಂದಿದ್ದು ನೆಪ ಅಷ್ಟೆ. ನಿನ್ನಿಂದ ಜನ ನನ್ನನ್ನೂ ದೂರ ಇಡ್ತಾರೆ ಅಂತ ಒಳಗೊಳಗೇ ಅಳುಕಿತ್ತು. ತಪ್ಪಾಯ್ತು ಕಣೋ."

ಅವನು ಬಿಳಿ ಬಟ್ಟೆ ಕೊಡವಿ ಅವಳ ಕೊರಳಿಗೆ ಸುತ್ತಿದ. ಕೂದಲು ಒಂದು ಕಡೆ ಗಿಡ್ಡವಾಯಿತು, ಇನ್ನೊಂದು ಕಡೆ ಉದ್ದ. ನಾನಾಗಿದ್ದರೆ ಬಾಯಿ ಮಾಡುತ್ತಿದ್ದೆ. ಅವಳು ಕನ್ನಡಿಯಲ್ಲಿ ಅವನ ಮುಖವನ್ನಷ್ಟೇ ನೋಡುತ್ತಿದ್ದಳು.

ಮುಗಿದ ಮೇಲೆ ಅವನು ಕೈ ಚಾಚಿದ. ಅವಳು ಚೀಲ ಬಿಚ್ಚಿ ಮಾತ್ರೆ ಕೊಟ್ಟು, ಅಭ್ಯಾಸಬಲದಿಂದ, "ಪರದೆ ಹಿಂದೆ ಹೋಗಿ ನುಂಗು," ಎಂದಳು. ಅವನು ಲೋಟ ಹಿಡಿದು ಹೊರಗೆ ಬಂದ. ನಮ್ಮೆಲ್ಲರ ಮುಂದೆ ಮೆಟ್ಟಿಲ ಮೇಲೆ ನಿಂತು ನುಂಗಿದ. ಬಾಯಿ ಅಗಲಿಸಿ ತೋರಿಸಿದ, ಈ ಕೊನೆಯಿಂದ ಆ ಕೊನೆಯವರೆಗೆ ಪ್ರತಿಯೊಬ್ಬರಿಗೂ.

"ಇನ್ನೂ ನಾಲ್ಕು ತಿಂಗಳಿದೆ," ಎಂದ. "ದಿನಾ ಇಲ್ಲೇ ನುಂಗ್ತೀನಿ. ನೋಡೋರು ಬಂದು ನೋಡ್ಕೊಳ್ಳಿ."